ಬಸುರಿಗೆ ಕೆಮಿಕಲ್ ತಾಗಿದರೆ ಮಗುವಿಗೆ ಕ್ಯಾನ್ಸರ್ ಬರುತ್ತಾ?

"ಬಸುರಿಯಾಗಿದ್ದಾಗ ಮನೆಗೆ ಪೇಂಟ್ ಮಾಡಿಸಿದ್ವಿ. ಮಗುವಿಗೆ ಮುಂದೆ ಕ್ಯಾನ್ಸರ್ ಬರುತ್ತಾ?" ಪೇಂಟ್ ಜಾಗದಲ್ಲಿ ಕೆಲವರು ಹೇರ್ ಡೈ ಅಂತಾರೆ, ಕೆಲವರು ಜಿರಳೆ ಸ್ಪ್ರೇ ಅಂತಾರೆ. ಭಯ ಮಾತ್ರ ಒಂದೇ.

"ಏನೂ ಆಗಲ್ಲ ಬಿಡಿ" ಅಂತ ಸುಮ್ನೆ ಹೇಳಿಬಿಡೋಕೆ ನನಗೆ ಮನಸ್ಸು ಬರುವುದಿಲ್ಲ. ಯಾಕೆಂದರೆ ಹಾಗೆ ಆಗಿದ್ದುಂಟು.

ಗರ್ಭ ನಿಲ್ಲಲಿ ಅಂತ ಅಮೆರಿಕದಲ್ಲಿ 1940ರ ದಶಕದಿಂದ ಡಿಇಎಸ್ ಎಂಬ ಹಾರ್ಮೋನ್ ಮಾತ್ರೆ ಕೊಡುತ್ತಿದ್ದರು. 1971ರಲ್ಲಿ ಬಾಸ್ಟನ್‌ನ ಡಾಕ್ಟರ್ ಆರ್ಥರ್ ಹರ್ಬ್ಸ್ಟ್ ಮತ್ತು ಜೊತೆಯವರು 8 ಯುವತಿಯರ ಬಗ್ಗೆ ವರದಿ ಮಾಡಿದರು. ಎಲ್ಲರಿಗೂ ಯೋನಿಯ ಕ್ಯಾನ್ಸರ್. ಆ ವಯಸ್ಸಿನಲ್ಲಿ ಬಹುತೇಕ ಕಾಣದ ಕಾಯಿಲೆ ಅದು. ವಿಚಾರಿಸಿದರೆ, 7 ಜನರ ತಾಯಂದಿರು ಬಸುರಿನಲ್ಲಿ ಈ ಮಾತ್ರೆ ನುಂಗಿದ್ದರು. ಹೋಲಿಸಿ ನೋಡಲು ಆರಿಸಿಕೊಂಡ 32 ತಾಯಂದಿರಲ್ಲಿ ಒಬ್ಬರೂ ನುಂಗಿರಲಿಲ್ಲ. ಮಗುವಿನ ಆ ಅಂಗದ ಒಳಪದರದಲ್ಲಿ ಒಂದು ಬಗೆಯ ಕೋಶ ಹೋಗಿ ಇನ್ನೊಂದು ಬಗೆಯದು ಬರಬೇಕಾದ ಹೊತ್ತಿನಲ್ಲೇ ಡಿಇಎಸ್ ಅಡ್ಡ ಬಂದಿತ್ತು. ಹಳೆಯ ಕೋಶಗಳು ಅಲ್ಲಲ್ಲಿ ಹಾಗೇ ಉಳಿದುಬಿಟ್ಟವು.

ಇದರಿಂದ ಗರ್ಭಪಾತ ತಪ್ಪುವುದಿಲ್ಲ ಅಂತ 1953ರಲ್ಲೇ ಷಿಕಾಗೋದ ಪ್ರಯೋಗವೊಂದು ತೋರಿಸಿತ್ತು. ಆಮೇಲೂ 18 ವರ್ಷ ಬರೆದುಕೊಡುತ್ತಲೇ ಇದ್ದರು. ನನಗೆ ಹೊಟ್ಟೆ ಉರಿಯುವುದು ಇಲ್ಲೇ.

ಆದರೆ ಲೆಕ್ಕವನ್ನೂ ನೋಡಬೇಕು, ಅಲ್ವಾ? ಡಿಇಎಸ್ ತಾಗಿದ ಹೆಣ್ಣುಮಕ್ಕಳಲ್ಲಿ ಈ ಕ್ಯಾನ್ಸರ್ ಬಂದದ್ದು ಸುಮಾರು 1,000ಕ್ಕೆ ಒಬ್ಬರಿಗೆ. ಅದೂ ದಿನಾ ನುಂಗಿದ, ಮಾಸು ದಾಟಿ ಮಗುವನ್ನು ಮುಟ್ಟುವ ಮಾತ್ರೆಯಿಂದ. ಚಿಲಿ ದೇಶದ ಆಂಟೊಫಗಸ್ಟಾ ಎಂಬ ಊರಲ್ಲೂ ಹೀಗೇ. 1958ರಿಂದ 1970ರವರೆಗೆ ಊರಿಗೆ ಊರೇ ಆರ್ಸೆನಿಕ್ ಎಂಬ ವಿಷ ಬೆರೆತ ನೀರು ಕುಡಿಯಿತು. ಆಗ ಹುಟ್ಟಿದವರಲ್ಲಿ ನಡುವಯಸ್ಸಿನಲ್ಲೇ ಶ್ವಾಸಕೋಶದ ಕ್ಯಾನ್ಸರ್‌ನಿಂದ ಸತ್ತವರು ಜಾಸ್ತಿ. ಅಲ್ಲೂ ಅದು ವರ್ಷಗಟ್ಟಲೆ ಕುಡಿದ ನೀರು.

ಎರಡು ದಿನದ ಪೇಂಟ್ ವಾಸನೆಯನ್ನು ಇವುಗಳ ಸಾಲಿಗೆ ಸೇರಿಸಬೇಡಿ. ಕಿಟಕಿ ತೆಗೆದಿಡಿ, ಬಣ್ಣ ಹೊಡೆಯುವ ಕೆಲಸ ಬೇರೆಯವರಿಗೆ ಬಿಡಿ, ಸಾಕು. ನಾನು ಎಚ್ಚರಿಕೆ ಹೇಳುವುದು ಬೇರೆಯವರಿಗೆ: ಬಸುರಿನಲ್ಲೂ ದಿನಾ ಥಿನ್ನರ್, ಕೀಟನಾಶಕದ ನಡುವೆ ದುಡಿಯುವವರಿಗೆ. ಅವರು ಡಾಕ್ಟರಿಗೆ ಕೆಲಸದ ವಿಷಯ ಮೊದಲ ತಿಂಗಳಲ್ಲೇ ಹೇಳಬೇಕು, ಆ ಜಾಗದಿಂದ ಬೇರೆ ಕೆಲಸಕ್ಕೆ ಹಾಕಿಸಿಕೊಳ್ಳಬೇಕು. ಇನ್ನು ತಾಯಿ ಡಿಇಎಸ್ ತೆಗೆದುಕೊಂಡಿದ್ದು ಗೊತ್ತಿದ್ದರೆ, ಮಗಳಿಗೆ ಈಗ ವಯಸ್ಸು ಐವತ್ತು ದಾಟಿದ್ದರೂ ಸ್ತ್ರೀರೋಗ ತಜ್ಞರಿಗೆ ಅದನ್ನು ಹೇಳಲೇಬೇಕು. ಅಂಥ ಹೆಣ್ಣುಮಕ್ಕಳ ತಪಾಸಣೆಯೇ ಬೇರೆ ಥರ.