ಹಾರುವ ಗುಬ್ಬಚ್ಚಿಯ ಹಿಂದೆ ಹೇಗೆ ಓಡುತ್ತೀರಿ? ಓಡೋದೇ ಇಲ್ಲ!

ರೆಕ್ಕೆ ಬಿಚ್ಚಿದ ಚಿಕ್ಕ ಹಕ್ಕಿಯ ಫೋಟೋ ಹಾಕಿದರೆ ಸಾಕು, ಯಾರಾದರೂ ಕೇಳಿಯೇ ಕೇಳುತ್ತಾರೆ: ಅಷ್ಟು ಬೇಗ ಹಾರುವುದನ್ನು ಲೆನ್ಸಿನಲ್ಲಿ ಹೇಗೆ ಹಿಂಬಾಲಿಸುತ್ತೀರಿ?

ಹಿಂಬಾಲಿಸುವುದಿಲ್ಲ. ಹದ್ದು, ಕೊಕ್ಕರೆಗಳಾದರೆ ಸರಿ, ಎತ್ತ ಹೊರಟಿವೆ ಅಂತ ಕಾಣುತ್ತದೆ. ಬಾಲ ಕುಣಿಸುವ ಪುಟ್ಟ ಹಕ್ಕಿ ಕುಂಡೆಕುಸ್ಕನ ಹಿಂದೆ ಹೋಗಿ ನೋಡಿ! ನಾಲ್ಕು ಸಲ ರೆಕ್ಕೆ ಬಡಿಯುತ್ತದೆ, ಮಡಚಿಕೊಂಡು ಕೆಳಗೆ ಜಾರುತ್ತದೆ, ಮತ್ತೆ ಬಡಿದು ಮೇಲೇಳುತ್ತದೆ. ನಿಮಗೆ ಸಿಗುವುದು ಖಾಲಿ ಆಕಾಶ.

ಸುಮ್ನೆ ಒಂದು ಲೆಕ್ಕ ಹಾಕೋಣ. ಹಕ್ಕಿ ಸೆಕೆಂಡಿಗೆ 5 ಮೀಟರ್ ಹೋಗುತ್ತದೆ ಅಂದುಕೊಳ್ಳಿ. ಕಣ್ಣು ಕಂಡು ಬೆರಳು ಒತ್ತುವುದಕ್ಕೆ ಸುಮಾರು 0.2 ಸೆಕೆಂಡ್ ಬೇಕು, ಅಷ್ಟರಲ್ಲಿ ಅದು ಒಂದು ಮೀಟರ್ ದಾಟಿರುತ್ತದೆ. ಫುಲ್ ಫ್ರೇಮ್ (ಚಿತ್ರ ಹಿಡಿಯುವ ಸೆನ್ಸರ್ ದೊಡ್ಡದಿರುವ) ಕ್ಯಾಮೆರಾದಲ್ಲಿ 400 ಎಂಎಂ ಲೆನ್ಸ್ ಹಾಕಿ 5 ಮೀಟರ್ ದೂರ ನಿಂತರೆ ಚೌಕಟ್ಟಿನ ಅಗಲವೇ 45 ಸೆಂಟಿಮೀಟರ್. ಅಂದರೆ ನೀವು ಒತ್ತುವಾಗ ಹಕ್ಕಿ ಚೌಕಟ್ಟಿನಲ್ಲೇ ಇರುವುದಿಲ್ಲ! ಲೆನ್ಸಿನ ಕಿಂಡಿ ಎಫ್5.6ರಲ್ಲಿಟ್ಟರೆ ಸ್ಪಷ್ಟವಾಗಿ ಮೂಡುವ ಆಳ ಬೇರೆ ಬರೀ 5 ಸೆಂಟಿಮೀಟರ್ ಆಸುಪಾಸು.

ಹಾಗಾಗಿ ನಾನು ಕಾಯುವುದು ಹಕ್ಕಿ ಕೂತಿರುವಾಗ. ಪದೇ ಪದೇ ಬಂದು ಕೂರುವ ಒಂದು ಕೊಂಬೆ ಗುರುತು ಮಾಡಿಕೊಂಡು, ಅದು ಹಾರುವ ದಾರಿ ನನಗೆ ಅಡ್ಡವಾಗಿ ಬರುವಂತೆ ಕೂರುತ್ತೇನೆ, ಯಾಕೆಂದರೆ ಕ್ಯಾಮೆರಾ ಕಡೆಗೋ ಆಚೆಗೋ ಹಾರಿದರೆ ಆ 5 ಸೆಂಟಿಮೀಟರ್ ಕಣ್ಣು ಮಿಟುಕಿಸುವುದರೊಳಗೆ ಮುಗಿದುಹೋಗುತ್ತದೆ. ಹಕ್ಕಿಗಳು ಸಾಮಾನ್ಯವಾಗಿ ಗಾಳಿಗೆ ಎದುರಾಗಿ ಮೇಲೇಳುತ್ತವೆ. ಅದಕ್ಕೇ ಹಕ್ಕಿಯನ್ನು ಚೌಕಟ್ಟಿನ ಒಂದು ಮೂಲೆಗೆ ತಳ್ಳಿ, ಗಾಳಿ ಬರುವ ಕಡೆ ಜಾಗ ಬಿಟ್ಟಿರುತ್ತೇನೆ. ಫೋಕಸ್ ಹಕ್ಕಿಯ ಮೇಲೆ ಕೂರಿಸಿ, ಅಲ್ಲೇ ಲಾಕ್ ಮಾಡಿಬಿಡುತ್ತೇನೆ.

ಆಮೇಲೆ ಹಕ್ಕಿಯನ್ನೇ ನೋಡುವುದು. ಹಾರುವ ಮೊದಲು ಗರಿಗಳು ಮೈಗೆ ಅಂಟಿದ ಹಾಗಾಗಿ ಹಕ್ಕಿ ಸಣ್ಣಗಾಗುತ್ತದೆ, ಕಾಲು ಮಡಚಿ ಮುಂದಕ್ಕೆ ಬಾಗುತ್ತದೆ. ಎಷ್ಟೋ ಸಲ ಪಿಚಕ್ ಅಂತ ಹಿಕ್ಕೆಯನ್ನೂ ಹಾಕುತ್ತದೆ. ನಗಬೇಡಿ, ನನಗೆ ಅದಕ್ಕಿಂತ ಒಳ್ಳೆಯ ಅಲಾರಂ ಸಿಕ್ಕಿಲ್ಲ.

ಶಟರ್ ವೇಗ 1/3200 ಸೆಕೆಂಡಿಗಿಂತ ನಿಧಾನ ಇಡುವುದಿಲ್ಲ. 1/500ರಲ್ಲಿ ಹಕ್ಕಿಯ ಮೈಯೇ ಒಂದು ಸೆಂಟಿಮೀಟರ್ ಸರಿದಿರುತ್ತದೆ, ರೆಕ್ಕೆಯ ತುದಿ ಇನ್ನೂ ಜಾಸ್ತಿ. ಒಳಗೆ ಬರುವ ಬೆಳಕು ಕಡಿಮೆಯಾಗಿ ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಏರಿ ಫೋಟೋದಲ್ಲಿ ಸ್ವಲ್ಪ ಮರಳು ಮರಳಾದರೂ ಪರವಾಗಿಲ್ಲ. ಅಲುಗಿದ ಕಣ್ಣನ್ನು ಆಮೇಲೆ ಸರಿಮಾಡಲಾಗುವುದಿಲ್ಲ, ಅಲ್ವಾ?

ಈಗಿನ ಹಲವು ಕ್ಯಾಮೆರಾಗಳಲ್ಲಿ ಪ್ರೀ-ಕ್ಯಾಪ್ಚರ್ ಇದೆ. ಬಟನ್ ಅರ್ಧ ಒತ್ತಿ ಹಿಡಿದಿದ್ದರೆ, ಪೂರ್ತಿ ಒತ್ತುವ ಮುಂಚಿನ ಫ್ರೇಮುಗಳೂ ಉಳಿಯುತ್ತವೆ. ನಿಧಾನ ಬೆರಳಿನ ನನ್ನಂಥವರಿಗೆ ಇದು ವರ. ಇದು ಮೋಸ ಅನ್ನುವವರಿದ್ದಾರೆ, ಅನ್ನಲಿ ಬಿಡಿ. ಒಂದೇ ತೊಂದರೆ: ಇದು ಎಲೆಕ್ಟ್ರಾನಿಕ್ ಶಟರ್‌ನಲ್ಲಿ ನಡೆಯುವುದರಿಂದ ಸೆನ್ಸರ್ ಚಿತ್ರವನ್ನು ಸಾಲು ಸಾಲಾಗಿ ಓದುವುದು ನಿಧಾನವಾಗಿದ್ದರೆ ರೆಕ್ಕೆ ಬಾಳೆ ಎಲೆ ಸೊಟ್ಟಗಾದ ಹಾಗೆ ಬರುತ್ತದೆ.

ಗೂಡಿನ ಹತ್ತಿರ ಮಾತ್ರ ಕಾಯಬೇಡಿ. ಅಲ್ಲಿ ಸುಲಭ ಅಂತ ಗೊತ್ತು, ಆದರೆ ನೀವು ಅಲ್ಲಿ ಕೂತಷ್ಟು ಹೊತ್ತು ಮರಿಗಳಿಗೆ ಊಟ ತಪ್ಪುತ್ತದೆ.

ಮೊನ್ನೆ ಒಂದು ಪಿಕಳಾರಕ್ಕೆ ಎರಡು ಗಂಟೆ ಕೂತಿದ್ದೆ. ಬಾಗಿತು, ಹಿಕ್ಕೆ ಹಾಕಿತು, ನಾನು ಒತ್ತಿದೆ. ಅದು ಕೊಂಬೆಯ ಮೇಲೇ ಹಿಂದಕ್ಕೆ ತಿರುಗಿ ಆ ಕಡೆಯಿಂದ ಹಾರಿತು. ಮೂವತ್ತು ಫ್ರೇಮಲ್ಲೂ ಬಾಲದ ಬುಡದ ಕೆಂಪು ಮಾತ್ರ ಚೆನ್ನಾಗಿ ಬಂದಿದೆ.