ದಾಟುವವರದ್ದೇ ತಪ್ಪಾ?

ಇಲ್ಲಿ ನೆದರ್ಲೆಂಡ್ಸ್‌ನ ಐಂಡ್‌ಹೋವನ್‌ನಲ್ಲಿ ನಮ್ಮ ಪಕ್ಕದ ಮನೆ ಅಜ್ಜಿಯ ಮೊಮ್ಮಗ ಮೊನ್ನೆ ಚೆಂಡಿನ ಹಿಂದೆ ಓಡಿ ಕಾರಿಗೆ ಸಿಕ್ಕಿದ. 9 ವರ್ಷದ ಹುಡುಗ. ಪುಣ್ಯಕ್ಕೆ ಕೈ ಮುರಿದದ್ದು ಬಿಟ್ಟರೆ ಬೇರೇನೂ ಆಗಲಿಲ್ಲ. ನೋಡಿ ಬರಲು ಹೋದವನು ನಮ್ಮೂರಲ್ಲಿ ಕೇಳುವ ಹಾಗೇ ಕೇಳಿದೆ, "ಆಚೀಚೆ ನೋಡ್ಲಿಲ್ವಾ ಅವನು?" ಅಜ್ಜಿ ನನ್ನ ಮುಖವನ್ನೇ ನೋಡಿದರು. "ಮಕ್ಕಳು ಓಡುತ್ತಾರೆ. ನೋಡಬೇಕಾದ್ದು ಕಾರು ಬಿಡುವವರು" ಅಂದರು.

ನೆದರ್ಲೆಂಡ್ಸ್‌ನ ಕಾನೂನು ಹೇಳುವುದೂ ಹೆಚ್ಚುಕಡಿಮೆ ಇದನ್ನೇ. ಮೋಟಾರು ವಾಹನ ಬಡಿದು 14 ವರ್ಷದೊಳಗಿನ ಮಗುವಿಗೆ ಪೆಟ್ಟಾದರೆ, ಮಗು ಅಡ್ಡ ಬಂದಿದ್ದರೂ ಪೂರ್ತಿ ಪರಿಹಾರ ಸಿಗುತ್ತದೆ. ದೊಡ್ಡವರು ನಡೆದು ಹೋಗುವಾಗಲೋ ಸೈಕಲ್ಲಿನಲ್ಲೋ ಪೆಟ್ಟು ತಿಂದರೆ, ಅವರದ್ದೇ ತಪ್ಪಿದ್ದರೂ ಸಾಮಾನ್ಯವಾಗಿ ಅರ್ಧಕ್ಕೆ ಕಡಿಮೆ ಇಲ್ಲ. ಕೊಡುವುದು ವಿಮಾ ಕಂಪನಿ.

ಅಜ್ಜಿಯ ಮಾತು ಕೇಳಿದಾಗಿನಿಂದ ನನಗೆ ಮಾವನದ್ದೇ ಯೋಚನೆ. ಅಂಕೋಲಾದ ಹತ್ತಿರ ಹೆದ್ದಾರಿ 66ರ ಈಚೆ ಅವನ ಮನೆ, ಆಚೆ ಹಾಲಿನ ಡೇರಿ. ಮೊದಲು ನಾಲ್ಕು ಹೆಜ್ಜೆಯ ದಾರಿ. ಚತುಷ್ಪಥ ಆದಮೇಲೆ ಅದೇ ದಾರಿ ದಾಟಲು ಬೆಳಗಿನ ಕತ್ತಲಲ್ಲಿ ಜೀವ ಕೈಯಲ್ಲಿ ಹಿಡಿದು ನಿಲ್ಲಬೇಕು. ಎರಡು ತಿಂಗಳ ಹಿಂದೆ ಒಂದು ಬೈಕು ಅವನನ್ನು ಬಡಿಯಿತು. ಹಾಲಿನ ಕ್ಯಾನು ಉರುಳುತ್ತಾ ಹೋಗಿ ಡಿವೈಡರಿಗೆ ತಾಗಿ ನಿಂತಿತಂತೆ. ತೊಡೆಯ ಮೂಳೆ ಮುರಿದಿತ್ತು. ನಮ್ಮ ಜಿಲ್ಲೆಯವರಿಗೆ ಗೊತ್ತೇ ಇದೆಯಲ್ಲ, ದೊಡ್ಡ ಪೆಟ್ಟಾದರೆ ಮಣಿಪಾಲಕ್ಕೋ ಗೋವಾಕ್ಕೋ ಓಡಬೇಕು. ಇವನನ್ನು ಮಣಿಪಾಲಕ್ಕೆ ಒಯ್ದರು.

ಬೈಕಿನ ಹುಡುಗ ಪಕ್ಕದ ಊರಿನವ, ಪರಿಚಯದವರ ಮಗ. ಹಿರಿಯರು ಕೂತು ರಾಜಿ ಮಾಡಿಸಿದರು. 20 ಸಾವಿರ ಕೈಗೆ ಬಂತು. ದೂರು ಕೊಡಲಿಲ್ಲ. ಫೋನಿನಲ್ಲಿ ಆಯಿ, ಅಂದರೆ ನನ್ನ ಅಮ್ಮ, ಹೇಳಿದ್ದು, "ಅವನೂ ನೋಡ್ಕಂಡು ದಾಟ್ಬೇಕಿತ್ತು. ಪಾಪ ಆ ಹುಡುಗನ ಜೀವನ ಯಾಕೆ ಹಾಳು ಮಾಡುದು?"

ಆಯಿಯ ಮನಸ್ಸು ಒಳ್ಳೆಯದು. ಆದರೆ ಮಲಗಿದವನು ಅವಳ ತಮ್ಮ. ಮೂರು ಹೊತ್ತೂ ಅವನ ಕಾಲು ಎತ್ತಿ ಇಡುತ್ತಿರುವವಳು ಅತ್ತೆ. ಅವರಿಬ್ಬರಿಗೆ ಪಾಪ ಅನ್ನುವವರು ಯಾರು?

ವಿದೇಶದಲ್ಲಿ ಕಾನೂನಿದೆ, ನಮ್ಮಲ್ಲಿಲ್ಲ ಎಂದು ಬರೆದುಬಿಡುವುದು ಸುಲಭ. ಅದು ನಿಜವಲ್ಲ. ನಮ್ಮಲ್ಲೂ ಪ್ರತಿ ವಾಹನಕ್ಕೆ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. ಅದು ಇರುವುದೇ ಮಾವನಂಥವರಿಗಾಗಿ. ಬೈಕಿಗೆ ವಿಮೆ ಇದ್ದರೆ ದುಡ್ಡು ಕೊಡಬೇಕಾದ್ದು ಕಂಪನಿ, ಹುಡುಗನ ಅಪ್ಪ ಗದ್ದೆ ಮಾರಬೇಕಾಗಿಲ್ಲ. ಮೂಳೆ ಮುರಿತ ಕಾನೂನಿನ ಕಣ್ಣಲ್ಲಿ ಗಂಭೀರ ಗಾಯ. ಮೋಟಾರು ವಾಹನ ಕಾಯ್ದೆಯ 164ನೇ ಕಲಂ ಪ್ರಕಾರ ತಪ್ಪು ಯಾರದ್ದೆಂದು ಸಾಬೀತು ಮಾಡದೆಯೇ ಎರಡೂವರೆ ಲಕ್ಷ ಕೇಳಬಹುದು. ಸವಾರನ ನಿರ್ಲಕ್ಷ್ಯ ತೋರಿಸಲು ಸಾಧ್ಯವಿದ್ದರೆ 166ನೇ ಕಲಂನಲ್ಲಿ ಆಸ್ಪತ್ರೆ ಖರ್ಚು, ಹೋದ ದುಡಿಮೆ, ಪಟ್ಟ ನೋವು ಎಲ್ಲವನ್ನೂ ಕೇಳಬಹುದು, ಅದಕ್ಕೆ ಇಷ್ಟೇ ಎಂಬ ಮಿತಿ ಇಲ್ಲ. ಮಾವನದ್ದೂ ಸ್ವಲ್ಪ ತಪ್ಪಿದೆ ಎಂದಾದರೆ ಅಷ್ಟು ಪಾಲು ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ. ಗುದ್ದಿದವರು ಯಾರೆಂದು ಗೊತ್ತೇ ಆಗದಿದ್ದರೂ ಸರ್ಕಾರದ ಯೋಜನೆಯಲ್ಲಿ ಗಂಭೀರ ಗಾಯಕ್ಕೆ 50 ಸಾವಿರ, ಸತ್ತರೆ 2 ಲಕ್ಷ ಇದೆ.

ಇಷ್ಟೆಲ್ಲ ಇದ್ದೂ ನಮ್ಮವರು 20 ಸಾವಿರಕ್ಕೆ ಕೈ ಮುಗಿದು ಎದ್ದು ಬರುತ್ತಾರೆ. ಇದು ನನಗೆ ತುಂಬಾ ನೋವು ಕೊಡುತ್ತದೆ. ನಡೆಯುವವನು ರಸ್ತೆಗೆ ಅಡ್ಡ ಬಂದವನು ಎಂಬ ಭಾವನೆ ನಮ್ಮೊಳಗೆ ಅಷ್ಟು ಆಳಕ್ಕೆ ಇಳಿದಿದೆ. ಸುರಕ್ಷಿತ ಫುಟ್‌ಪಾತ್ ಬದುಕುವ ಹಕ್ಕಿನ ಭಾಗವೇ ಎಂದು ಸುಪ್ರೀಂ ಕೋರ್ಟ್ 2025ರಲ್ಲಿ ಹೇಳಿದೆ. ಮಾವ ದಾಟುವ ಜಾಗದಲ್ಲಿ ಫುಟ್‌ಪಾತೂ ಇಲ್ಲ, ಒಂದು ದೀಪವೂ ಇಲ್ಲ.

ನಿನ್ನೆ ಮಾವನ ಮಗನಿಗೆ ಫೋನು ಮಾಡಿದೆ. ಕಾಯ್ದೆಯಲ್ಲಿ ಅರ್ಜಿಗೆ 6 ತಿಂಗಳ ಗಡುವಿದೆ, ಇನ್ನೂ ಸಮಯ ಇದೆ ಮಾರಾಯ ಎಂದೆ. ಠಾಣೆಗೆ ಹೋಗಿ ದೂರು ಬರೆಸು, ತಡ ಯಾಕಾಯಿತು ಎಂದು ಇದ್ದದ್ದನ್ನೇ ಹೇಳು, ಡಿಸ್ಚಾರ್ಜ್ ಚೀಟಿ, ಬಿಲ್ಲು ಒಂದನ್ನೂ ಬಿಸಾಡಬೇಡ, ರಾಜಿಯ ದುಡ್ಡಿನ ವಿಷಯವನ್ನೂ ವಕೀಲರಿಗೆ ಮುಚ್ಚಿಡಬೇಡ ಎಂದೆಲ್ಲ ಹೇಳಿದೆ. ಕೋರ್ಟು ಅಂದಕೂಡಲೇ ಅವನ ದನಿ ಇಳಿಯಿತು. ಬೆಂಗಳೂರಿಗೆ ಹೋಗಬೇಕಾ ಎಂದು ಕೇಳಿದ. ಬೇಡ, ಕಾರವಾರ ಸಾಕು ಎಂದೆ. ಹುಡುಗನ ಮನೆಯವರ ಹತ್ತಿರ ನಾನೇ ಮಾತಾಡುತ್ತೇನೆ, ವಿಮೆಯ ಕಾಗದ ಕೇಳುತ್ತೇನೆ ಎಂದೂ ಹೇಳಿದ್ದೇನೆ. ಆಯಿಗೆ ಇನ್ನೂ ಸಮಾಧಾನ ಇಲ್ಲ.