ಮೊಣಕಾಲುದ್ದ ನೀರಿನಲ್ಲಿ ಭೂಗೋಳ

ಹಳ್ಳದ ಆಳ ಅಳೆಯುವಾಗ ಸ್ಕೇಲನ್ನು ಹರಿವಿಗೆ ಅಡ್ಡಲಾಗಿ ಹಿಡಿದರೆ ನೀರು ಅದಕ್ಕೆ ಬಡಿದು ಮೇಲೇರುತ್ತದೆ, ಇಲ್ಲದ ಆಳ ಕಾಣಿಸುತ್ತದೆ. ಅದರ ತೆಳು ಅಂಚನ್ನು ನೀರು ಬರುವ ಕಡೆಗೆ ತಿರುಗಿಸಿ ಹಿಡಿಯಬೇಕು. ಇದನ್ನು ನನಗೆ ಕಲಿಸಿದ್ದು ಹದಿನಾಲ್ಕು ವರ್ಷದ ಒಬ್ಬ ಹುಡುಗಿ, ಹಳ್ಳದ ನಡುವೆ ನಿಂತುಕೊಂಡು.

ನಾನು ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಒಂದು ಪ್ರೌಢಶಾಲೆಯ ತರಗತಿ ಸಹಾಯಕಿ. ಜುಲೈನಲ್ಲಿ ಭೂಗೋಳದ ಮಕ್ಕಳ ಜೊತೆ ಬರ್ಬೇಜ್ ಬ್ರೂಕ್‌ಗೆ ಹೋಗಿದ್ದೆ. ಬ್ರೂಕ್ ಅಂದರೆ ಹಳ್ಳ. 1951ರಲ್ಲಿ ಬ್ರಿಟನ್ನಿನ ಮೊದಲ ರಾಷ್ಟ್ರೀಯ ಉದ್ಯಾನವಾದ ಪೀಕ್ ಡಿಸ್ಟ್ರಿಕ್ಟ್‌ನಲ್ಲಿ, ಮರಗಳಿಲ್ಲದ ಜೌಗು ಗುಡ್ಡದ ಮೇಲೆ ಅದು ಹುಟ್ಟುತ್ತದೆ. ಹುಲ್ಲುಗಾವಲಿನಲ್ಲಿ ಸ್ವಲ್ಪ ದೂರ ನಿಧಾನಕ್ಕೆ ಸುತ್ತಾಡಿ, ಪ್ಯಾಡ್ಲಿ ಗಾರ್ಜ್ ಎಂಬ ಕಮರಿಗೆ ಇಳಿದು, ಗ್ರಿಂಡಲ್‌ಫರ್ಡ್ ಹತ್ತಿರ ಡರ್ವೆಂಟ್ ನದಿಗೆ ಸೇರುತ್ತದೆ.

ಇಲ್ಲಿ 16ರ ವಯಸ್ಸಿಗೆ ಬರೆಯುವ ಜಿಸಿಎಸ್ಇ ಪರೀಕ್ಷೆಗೆ ಭೂಗೋಳ ತೆಗೆದುಕೊಂಡವರು ಕನಿಷ್ಠ ಎರಡು ಸಲ ಶಾಲೆಯ ಹೊರಗೆ ಕ್ಷೇತ್ರಕಾರ್ಯ ಮಾಡಲೇಬೇಕು. ಶೇಕಡಾ 15 ಅಂಕ ಅದಕ್ಕೇ ಮೀಸಲು. ಹೋಗಿ ಬಂದೆವು ಎಂದರೆ ಸಾಲದು. ಏನು ಅಳೆದಿರಿ, ಹೇಗೆ ಅಳೆದಿರಿ, ಆ ಅಳತೆಯನ್ನು ಎಷ್ಟು ನಂಬಬಹುದು ಎಂದು ಪ್ರಶ್ನೆಪತ್ರಿಕೆ ಕೇಳುತ್ತದೆ.

ಮೊದಲ ಜಾಗ ಮೇಲ್ಗಡೆ. ಕಲ್ಲುಗಳ ನಡುವೆ ನೀರು ಸದ್ದು ಮಾಡುತ್ತಾ ನೊರೆಯೆಬ್ಬಿಸಿ ಓಡುತ್ತಿತ್ತು. ಇಲ್ಲಿ ವೇಗ ಹೆಚ್ಚೋ, ಕೆಳಗಿನ ಹುಲ್ಲುಗಾವಲಿನಲ್ಲಿ ಹೆಚ್ಚೋ ಎಂದು ಮೇಷ್ಟ್ರು ಕೇಳಿದರೆ ಎಲ್ಲರ ಕೈಯೂ ‘ಇಲ್ಲಿ’ ಎನ್ನುವುದಕ್ಕೇ ಎದ್ದಿತು. ನನ್ನದೂ ಎದ್ದಿತ್ತು.

ದಡದಿಂದ ದಡಕ್ಕೆ ಟೇಪು ಎಳೆದರು: 2.4 ಮೀಟರ್. ಐದು ಕಡೆ ಆಳ ನೋಡಿದರು: 6, 11, 14, 9, 5 ಸೆಂಟಿಮೀಟರ್. ಆಮೇಲೆ ಹತ್ತು ಮೀಟರ್ ಗುರುತು ಹಾಕಿ ಒಂದು ಕಿತ್ತಳೆ ಹಣ್ಣು ಬಿಟ್ಟರು. ಅದು ಬಹುಪಾಲು ನೀರೊಳಗೆ ಮುಳುಗಿಯೇ ತೇಲುತ್ತದೆ, ಗಾಳಿ ಅದನ್ನು ತಳ್ಳುವುದಿಲ್ಲ, ದೂರಕ್ಕೂ ಕಾಣುತ್ತದೆ, ಕೈತಪ್ಪಿ ಹೋದರೂ ಕೊಳೆತು ಮಣ್ಣಾಗುತ್ತದೆ. ತೆಗೆದುಕೊಂಡದ್ದು 40 ಸೆಕೆಂಡು. ಮೇಲ್ಮೈ ನೀರು ತಳದ ನೀರಿಗಿಂತ ಬೇಗ ಹೋಗುವುದರಿಂದ ಬಂದ ವೇಗವನ್ನು 0.85ರಿಂದ ಗುಣಿಸಬೇಕು. ಅಗಲ, ಸರಾಸರಿ ಆಳ, ವೇಗ ಮೂರನ್ನೂ ಗುಣಿಸಿದಾಗ ಸೆಕೆಂಡಿಗೆ ಸುಮಾರು 46 ಲೀಟರ್ ನೀರು. ನಾವು ಪತ್ರಿಕೆಗಳಲ್ಲಿ ಓದುವ ಲೆಕ್ಕದಲ್ಲಿ ಒಂದೂವರೆ ಕ್ಯುಸೆಕ್‌ಗಿಂತ (ಒಂದು ಕ್ಯುಸೆಕ್ ಅಂದರೆ ಸೆಕೆಂಡಿಗೆ ಒಂದು ಘನ ಅಡಿ, ಸುಮಾರು 28 ಲೀಟರ್) ತುಸು ಹೆಚ್ಚು. ಕ್ಯುಸೆಕ್ ಎಂದರೆ ಇಷ್ಟು ಎಂದು ನನ್ನ ಕಾಲಿಗೆ ಗೊತ್ತಾದದ್ದು ಅವತ್ತೇ.

ಕೆಳಗೆ ಹುಲ್ಲುಗಾವಲಿನಲ್ಲಿ ನೀರು ಸದ್ದೇ ಮಾಡುತ್ತಿರಲಿಲ್ಲ. ಅದೇ ಕಿತ್ತಳೆ, ಅದೇ ಹತ್ತು ಮೀಟರ್, ಆದರೆ 24 ಸೆಕೆಂಡು. ಮಕ್ಕಳು ನಂಬದೆ ಮತ್ತೆರಡು ಸಲ ಬಿಟ್ಟು ನೋಡಿದರು. ಮೇಲೆ ತೆಳ್ಳಗಿನ ನೀರು ಕಲ್ಲಿಗೆ ಉಜ್ಜಿ, ತಿರುಗಿ, ನೊರೆಯಾಗಿ ತನ್ನ ಶಕ್ತಿಯನ್ನೆಲ್ಲ ಅಲ್ಲೇ ಕಳೆದುಕೊಳ್ಳುತ್ತದೆ. ಕೆಳಗೆ ಆಳ ಹೆಚ್ಚು, ತಳಕ್ಕೆ ತಾಗಿಕೊಂಡು ಹೋಗುವ ನೀರಿನ ಪಾಲು ಕಡಿಮೆ. ಮೇಷ್ಟ್ರು ಇದನ್ನು ಹೇಳಿದ್ದು ಮೂರನೇ ಸಲವೂ ಕಿತ್ತಳೆ ಗುರುತು ದಾಟಿದ ಮೇಲೆ. ಅಲ್ಲಿಯವರೆಗೆ ಅವರು ಸುಮ್ಮನಿದ್ದರಲ್ಲ, ಅದು ನನಗೆ ತುಂಬಾ ಹಿಡಿಸಿತು.

ಕೊನೆಯ ಜಾಗ ಕಮರಿಯ ಬಾಯಿ. ಕೆಳಕ್ಕೆ ಹೋದಂತೆ ಕಲ್ಲುಗಳು ಸವೆದು ಸಣ್ಣದಾಗಬೇಕು, ದುಂಡಗಾಗಬೇಕು ಎನ್ನುತ್ತದೆ ಪಠ್ಯ. ಕಣ್ಣು ಮುಚ್ಚಿ ತಳಕ್ಕೆ ಕೈಹಾಕಿ, ಬೆರಳಿಗೆ ಮೊದಲು ತಾಗಿದ ಕಲ್ಲನ್ನೇ ಎತ್ತಬೇಕು, ಚೆಂದದ್ದನ್ನು ಆರಿಸುವಂತಿಲ್ಲ. ಒಬ್ಬ ಹುಡುಗ ಎತ್ತಿದ್ದರಲ್ಲಿ ಹೆಚ್ಚಿನವು ದೊಡ್ಡವು, ಮೂಲೆಗಳೆಲ್ಲ ಚೂಪು. ಒಂದನ್ನಂತೂ ಎತ್ತಲಾಗದೆ ನೀರಿನಲ್ಲೇ ಅಳೆದ.

“ಮಿಸ್, ಇವನ್ನು ಬಿಟ್ಟುಬಿಡಲಾ? ಗ್ರಾಫ್ ಕೆಡುತ್ತೆ.”

ನನ್ನೊಳಗೆ ಏನೋ ಚುಚ್ಚಿತು. ನಾನು ಓದುವಾಗ ರೆಕಾರ್ಡ್ ಪುಸ್ತಕದಲ್ಲಿ ಉತ್ತರ ಕೂಡಿಬರದಿದ್ದರೆ ಅಂಕಿಯನ್ನೇ ತಿದ್ದುತ್ತಿದ್ದೆ, ಸಹಿಯೂ ಬೀಳುತ್ತಿತ್ತು. ಬಿಡಬೇಡ ಎಂದೆ. ಮೇಷ್ಟ್ರು ಬಂದು ಹಾಳೆ ನೋಡಿ ಎರಡೇ ಮಾತು ಹೇಳಿದರು: “ತಲೆಯೆತ್ತಿ ನೋಡು.”

ಎರಡೂ ಬದಿಗೆ ಕಡಿದಾದ ಇಳಿಜಾರು, ಪಾಚಿ ಹಿಡಿದ ಬಂಡೆಗಳು, ಅವುಗಳನ್ನು ತಬ್ಬಿಕೊಂಡ ಓಕ್ ಮರಗಳು. ಈ ಒರಟು ಮರಳುಗಲ್ಲಿನಿಂದ ಹಿಂದೆ ಬೀಸುವ ಕಲ್ಲು ಕಡಿಯುತ್ತಿದ್ದರು. ಹತ್ತಿರದ ಬೋಲ್ ಹಿಲ್ ಕಲ್ಲುಗಣಿಯಿಂದ ಹೋದ ಕಲ್ಲಿನಲ್ಲೇ ಹೌಡನ್ ಮತ್ತು ಡರ್ವೆಂಟ್ ಅಣೆಕಟ್ಟುಗಳನ್ನು ಕಟ್ಟಿದ್ದು.

ಹುಡುಗ ಬಹಳ ಹೊತ್ತು ಮೇಲೆ ನೋಡಿದ. ಒದ್ದೆ ಹಾಳೆಯ ಮೇಲೆ ಪೆನ್ನು ಹರಡುತ್ತದೆಂದು ಎಲ್ಲರಿಗೂ ಪೆನ್ಸಿಲ್ಲೇ ಕೊಟ್ಟಿದ್ದೆವು. ಒಂದೂ ಅಂಕಿ ಅಳಿಸದೆ ಪಕ್ಕದ ಖಾಲಿ ಜಾಗದಲ್ಲಿ ಬರೆದ: ‘ಇವು ಹಳ್ಳ ತಂದ ಕಲ್ಲುಗಳಲ್ಲ, ಪಕ್ಕದಿಂದ ಉರುಳಿದವು ಇರಬೇಕು.’ ಆಮೇಲೆ ಬಾಣದ ಗುರುತು ಹಾಕಿ ಇಳಿಜಾರಿನ ಚಿತ್ರ ಬಿಡಿಸತೊಡಗಿದ. ಬಸ್ಸಿಗೆ ಹೊತ್ತಾಯಿತೆಂದು ಕರೆದರೂ ಅವನು ಬೇಗ ನೀರಿನಿಂದ ಮೇಲೆ ಬರಲಿಲ್ಲ.